ಬಾಬ್ ಡಿಲನ್ ಆಲ್ಬಂಗಳು: ಎಲ್ಲಿಂದ ಶುರು ಮಾಡೋದು, ಇಷ್ಟದ್ದನ್ನು ಆರಿಸೋದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಹಾಡುಗಾರ, ಗೀತರಚನೆಕಾರ ಬಾಬ್ ಡಿಲನ್ ಅವರ ಮೊದಲ ಆಲ್ಬಂ ಬಂದದ್ದು 1962ರಲ್ಲಿ. ಅಲ್ಲಿಂದ ಇಲ್ಲಿಯವರೆಗೆ ಸ್ಟುಡಿಯೊ ಆಲ್ಬಂಗಳೇ 40ರ ಹತ್ತಿರ ಆಗಿವೆ. ಲೈವ್ ರೆಕಾರ್ಡಿಂಗ್, ಹಳೇ ಟೇಪುಗಳು, ಸಂಕಲನಗಳು ಬೇರೆ. ಹೊಸದಾಗಿ ಕೇಳಲು ಕೂತವರಿಗೆ ತಲೆ ತಿರುಗೋದು ಸಹಜ. ಅಂಥವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ನನ್ನ ಇಷ್ಟಾನಿಷ್ಟಗಳೂ ಇದರಲ್ಲಿ ಧಾರಾಳವಾಗಿ ಸೇರಿವೆ.

ಒಂದೇ ಒಂದು ಆಲ್ಬಂ ಹೇಳಿ. ಯಾವುದರಿಂದ ಶುರು ಮಾಡಲಿ?

ಬ್ಲಡ್ ಆನ್ ದ ಟ್ರ್ಯಾಕ್ಸ್. 1975ರದ್ದು. ಹತ್ತು ಹಾಡುಗಳಿವೆ. ಇದನ್ನು ಸವಿಯಲು ಅಮೆರಿಕದ ಇತಿಹಾಸ ಗೊತ್ತಿರಬೇಕಿಲ್ಲ, ಅರವತ್ತರ ದಶಕದ ಚಳವಳಿಗಳ ಪರಿಚಯವೂ ಬೇಕಿಲ್ಲ. ಯಾರನ್ನೋ ಪ್ರೀತಿಸಿ ಕಳೆದುಕೊಂಡಿದ್ದರೆ ಸಾಕು. ದನಿ ಸ್ಪಷ್ಟವಾಗಿದೆ, ಗಿಟಾರ್ ಹಿತವಾಗಿದೆ, ಮಾತು ಬೇಗ ಹಿಡಿಸುತ್ತದೆ. ಇದರ ಬಗ್ಗೆ ಮುಂದೆ ಇನ್ನೂ ಬರೆದಿದ್ದೇನೆ.

ಹಿಟ್ ಹಾಡುಗಳ ಸಂಕಲನ ಕೇಳಿದರೆ ಸಾಲದಾ?

ಪರಿಚಯಕ್ಕೆ ಸಾಕು. ಇಷ್ಟದ್ದನ್ನು ಆರಿಸಲು ಸಾಲದು. ಡಿಲನ್ ಒಂದೊಂದು ಆಲ್ಬಂಗೂ ಒಂದೊಂದು ದನಿ ಇಟ್ಟುಕೊಂಡವರು. 1963ರಲ್ಲಿ ಒರಟು ಹಳ್ಳಿಗನ ದನಿ. 1966ರಲ್ಲಿ ನಿದ್ದೆಗೆಟ್ಟವನ ದನಿ. 1969ರ ನ್ಯಾಶ್‌ವಿಲ್ ಸ್ಕೈಲೈನ್‌ನಲ್ಲಿ ಇದ್ದಕ್ಕಿದ್ದಂತೆ ನುಣುಪಾದ, ಇಂಪಾದ ದನಿ. ಹಾಡುತ್ತಿರುವುದು ಅವರೇನಾ ಅಂತ ಅನುಮಾನ ಬರುವಷ್ಟು ಬೇರೆ. 1997ರ ಹೊತ್ತಿಗೆ ಗಂಟಲು ಸವೆದಿದೆ. ಸಂಕಲನದಲ್ಲಿ ಇವೆಲ್ಲ ಒಂದರ ಪಕ್ಕ ಒಂದು ಬಂದಾಗ ಯಾವುದೂ ನೆಲೆ ನಿಲ್ಲೋದಿಲ್ಲ. ಪೂರ್ತಿ ಆಲ್ಬಂ ಕೇಳಿದರೆ ಆ ದನಿ, ಆ ವಾದ್ಯಗಾರರು, ಆ ಕೋಣೆ ಎಲ್ಲಾ ಸೇರಿ ಒಂದು ಲೋಕ ಕಟ್ಟುತ್ತವೆ. ಅದರಲ್ಲಿ ನಿಮಗೆ ಯಾವ ಲೋಕ ಬೇಕು ಅನ್ನೋದೇ ನಿಜವಾದ ಆಯ್ಕೆ.

ಅವರ ದನಿ ನನಗೆ ಹಿಡಿಸೋದಿಲ್ಲ. ಏನು ಮಾಡಲಿ?

ಮೊದಲ ಸಲ ತುಂಬಾ ಜನರಿಗೆ ಹಾಗೇ ಆಗುತ್ತದೆ. ದನಿ ಮಧುರವಾಗಿದೆಯಾ ಅಂತ ಕೇಳಬೇಡಿ. ಸಾಲನ್ನು ಹೇಗೆ ಹೇಳುತ್ತಾರೆ ಅಂತ ಕೇಳಿ. ಎಲ್ಲಿ ಒಂದು ಪದವನ್ನು ಎಳೆಯುತ್ತಾರೆ, ಎಲ್ಲಿ ಹತ್ತು ಪದಗಳನ್ನು ಒಂದೇ ಉಸಿರಿಗೆ ತುರುಕುತ್ತಾರೆ, ಎಲ್ಲಿ ತಾಳಕ್ಕಿಂತ ಒಂದು ಚೂರು ತಡವಾಗಿ ಬರುತ್ತಾರೆ, ಅದನ್ನು ಗಮನಿಸಿ. ನನ್ನ ಮಟ್ಟಿಗೆ ಅವರು ದೊಡ್ಡ ಗಾಯಕರು. ಅನುಮಾನಕ್ಕೆ ಎಡೆಯೇ ಇಲ್ಲ. ಆದರೂ ಕಿವಿಗೆ ಕಷ್ಟ ಅನ್ನಿಸಿದರೆ ನ್ಯಾಶ್‌ವಿಲ್ ಸ್ಕೈಲೈನ್ ಹಾಕಿ. ಅರ್ಧ ಗಂಟೆಯೂ ಇಲ್ಲದ ಆಲ್ಬಂ. ಜಾನಿ ಕ್ಯಾಶ್ ಜೊತೆ ಹಾಡಿದ ಗರ್ಲ್ ಫ್ರಮ್ ದ ನಾರ್ತ್ ಕಂಟ್ರಿಯಿಂದಲೇ ಶುರುವಾಗುತ್ತದೆ.

ಸಾಹಿತ್ಯ ಅರ್ಥವಾಗದಿದ್ದರೆ?

ಸಾಹಿತ್ಯವನ್ನು ಮುಂದಿಟ್ಟುಕೊಂಡು ಕೇಳಿ. ಡಿಲನ್ ಅವರ ಅಧಿಕೃತ ವೆಬ್‌ಸೈಟಿನಲ್ಲಿ ಹಾಡುಗಳ ಸಾಹಿತ್ಯ ಸಿಗುತ್ತದೆ. ಆದರೆ ಪ್ರತಿ ಸಾಲಿಗೂ ಅರ್ಥ ಹುಡುಕುತ್ತಾ ಕೂರಬೇಡಿ. 1965-66ರ ಹಾಡುಗಳಲ್ಲಿ ಚಿತ್ರಗಳು ಒಂದರ ಮೇಲೊಂದು ಬಂದು ಬೀಳುತ್ತವೆ. ಇಂಗ್ಲಿಷ್ ಮನೆಮಾತಾದವರಿಗೂ ಅವು ಪೂರ್ತಿ ಬಿಡಿಸಿಕೊಂಡಿಲ್ಲ.

ಶುರುವಿನ ಹಾಡುಗಳ ಮಾತೇ ಬೇರೆ. ಅವು ನಮ್ಮ ಲಾವಣಿಗಳ ಹಾಗೆ. ಒಬ್ಬರ ಕಥೆ, ಒಂದು ಅನ್ಯಾಯ, ಒಂದು ಸಾವು, ಚರಣದ ಮೇಲೆ ಚರಣ. ದ ಲೋನ್ಸಮ್ ಡೆತ್ ಆಫ್ ಹ್ಯಾಟಿ ಕ್ಯಾರಲ್ ಕೇಳಿ ನೋಡಿ. 1963ರಲ್ಲಿ ಬಾಲ್ಟಿಮೋರ್‌ನ ಹೋಟೆಲೊಂದರಲ್ಲಿ ಕೆಲಸ ಮಾಡುತ್ತಿದ್ದ ಕಪ್ಪು ಹೆಂಗಸಿನ ಮೇಲೆ ಶ್ರೀಮಂತ ಯುವಕನೊಬ್ಬ ಕೈ ಮಾಡಿದ. ಆಕೆ ತೀರಿಕೊಂಡರು. ಅವನಿಗೆ ಸಿಕ್ಕಿದ್ದು ಆರು ತಿಂಗಳ ಶಿಕ್ಷೆ. ಡಿಲನ್ ದನಿ ಏರಿಸದೆ ಇದನ್ನು ಹೇಳುತ್ತಾ ಹೋಗುತ್ತಾರೆ. ಅಳಬೇಡಿ, ಇನ್ನೂ ಹೊತ್ತು ಬಂದಿಲ್ಲ ಅಂತ ಪಲ್ಲವಿ ತಡೆಯುತ್ತಲೇ ಇರುತ್ತದೆ. ಶಿಕ್ಷೆ ಎಷ್ಟು ಅಂತ ಗೊತ್ತಾಗುವ ಕೊನೆಯ ಚರಣದಲ್ಲಿ ಆ ತಡೆ ಒಡೆಯುತ್ತದೆ.

ಬರೀ ಗಿಟಾರ್ ಮತ್ತು ಮೌತ್ ಆರ್ಗನ್ ಇರುವ ಕಾಲದ್ದರಲ್ಲಿ ಯಾವುದು ಕೇಳಬೇಕು?

ದ ಫ್ರೀವೀಲಿನ್ ಬಾಬ್ ಡಿಲನ್. 1963ರ ಮೇ ತಿಂಗಳಲ್ಲಿ ಬಂತು. ಅವರಿಗೆ ಆಗ 22 ವರ್ಷ. ಬ್ಲೋಯಿಂಗ್ ಇನ್ ದ ವಿಂಡ್, ಮಾಸ್ಟರ್ಸ್ ಆಫ್ ವಾರ್, ಎ ಹಾರ್ಡ್ ರೇನ್ಸ್ ಎ-ಗಾನಾ ಫಾಲ್, ಡೋಂಟ್ ಥಿಂಕ್ ಟ್ವೈಸ್. ಈ ನಾಲ್ಕೂ ಒಂದೇ ಆಲ್ಬಂನಲ್ಲಿವೆ. ಮಿನ್ನೆಸೋಟದ ಹಿಬ್ಬಿಂಗ್ ಅನ್ನೋ ಕಬ್ಬಿಣದ ಅದಿರಿನ ಗಣಿ ಊರಲ್ಲಿ ಬೆಳೆದ ಹುಡುಗ 1961ರ ಜನವರಿಯಲ್ಲಿ ನ್ಯೂಯಾರ್ಕ್‌ಗೆ ಬಂದಿದ್ದ. ಎರಡೇ ವರ್ಷದಲ್ಲಿ ಇಲ್ಲಿಗೆ ತಲುಪಿದ. ಮೊದಲ ಆಲ್ಬಂನಲ್ಲಿ ಸ್ವಂತ ಹಾಡುಗಳು ಎರಡೇ ಎರಡು, ಉಳಿದವು ಹಳೇ ಜನಪದ ಮತ್ತು ಬ್ಲೂಸ್ ಹಾಡುಗಳು ಅನ್ನೋದನ್ನು ನೆನೆದರೆ ಬೆರಗಾಗುತ್ತದೆ.

ದ ಟೈಮ್ಸ್ ದೇ ಆರ್ ಎ-ಚೇಂಜಿನ್ ಇನ್ನೂ ಗಂಭೀರ, ಇನ್ನೂ ಬರಡು. ಅನದರ್ ಸೈಡ್ ಆಫ್ ಬಾಬ್ ಡಿಲನ್ ಅನ್ನು 1964ರ ಜೂನ್ 9ರ ಒಂದೇ ರಾತ್ರಿಯಲ್ಲಿ ಹಾಡಿ ಮುಗಿಸಿದರು. ಅಲ್ಲಲ್ಲಿ ಆ ಆತುರ ಕೇಳಿಸುತ್ತದೆ. ಆದರೆ ಚೈಮ್ಸ್ ಆಫ್ ಫ್ರೀಡಮ್‌ಗಾಗಿ ಅದನ್ನು ಬಿಡೋ ಹಾಗಿಲ್ಲ.

1965-66ರ ಮೂರು ಆಲ್ಬಂಗಳ ಬಗ್ಗೆ ಎಲ್ಲರೂ ಅಷ್ಟು ಮಾತಾಡೋದು ಯಾಕೆ?

ಬ್ರಿಂಗಿಂಗ್ ಇಟ್ ಆಲ್ ಬ್ಯಾಕ್ ಹೋಮ್, ಹೈವೇ 61 ರೀವಿಸಿಟೆಡ್, ಬ್ಲಾಂಡ್ ಆನ್ ಬ್ಲಾಂಡ್. ಸುಮಾರು ಒಂದೂಕಾಲು ವರ್ಷದೊಳಗೆ ಮೂರೂ ಬಂದವು, ಅದರಲ್ಲಿ ಕೊನೆಯದು ಎರಡು ಎಲ್‌ಪಿಗಳದ್ದು (ಎರಡೂ ಬದಿ ಹಾಡಿರುವ ದೊಡ್ಡ ಗ್ರಾಮಫೋನ್ ತಟ್ಟೆಗಳು). ಜನಪದ ಹಾಡಿನ ಕಸುವನ್ನೂ ರಾಕ್ ಬ್ಯಾಂಡಿನ ಸದ್ದನ್ನೂ ಒಬ್ಬರೇ ಇಷ್ಟು ಧೈರ್ಯದಿಂದ ಬೆರೆಸಿದ್ದು ಅಲ್ಲಿವರೆಗೆ ಇರಲಿಲ್ಲ.

ಮೊದಲನೆಯದು ಸೇತುವೆ. ಎಲ್‌ಪಿಯ ಒಂದು ಬದಿಯಲ್ಲಿ ಬ್ಯಾಂಡ್ ಇದೆ. ಇನ್ನೊಂದು ಬದಿಯಲ್ಲಿ ಹೆಚ್ಚುಕಡಿಮೆ ಬರೀ ಗಿಟಾರ್. ಆ ಎರಡನೇ ಬದಿಯಲ್ಲಿ ನಾಲ್ಕೇ ಹಾಡುಗಳಿವೆ. ಮಿಸ್ಟರ್ ಟ್ಯಾಂಬರೀನ್ ಮ್ಯಾನ್‌ನಿಂದ ಶುರುವಾಗಿ ಇಟ್ಸ್ ಆಲ್ ಓವರ್ ನೌ, ಬೇಬಿ ಬ್ಲೂವರೆಗೆ. ಇಷ್ಟು ಗಟ್ಟಿಯಾದ ಇಪ್ಪತ್ತಮೂರು ನಿಮಿಷ ಡಿಲನ್ ಬಳಿಯೇ ಬೇರೆಲ್ಲೂ ಇಲ್ಲ ಅಂತ ನನಗನ್ನಿಸುತ್ತದೆ.

ಹೈವೇ 61 ಶುರುವಾಗೋದು ಲೈಕ್ ಎ ರೋಲಿಂಗ್ ಸ್ಟೋನ್‌ನಿಂದ. ಅದರ ಆರ್ಗನ್ ಕೇಳಿದ್ದೀರಲ್ವಾ? ಅದನ್ನು ನುಡಿಸಿದ ಆಲ್ ಕೂಪರ್‌ಗೆ ಆಗ 21 ವರ್ಷ. ರೆಕಾರ್ಡಿಂಗ್ ನೋಡಲು ಬಂದ ಗಿಟಾರ್ ವಾದಕ ಆತ. ಆರ್ಗನ್ ಮುಂದೆ ಜಾಗ ಖಾಲಿಯಾದಾಗ ಹೋಗಿ ಕೂತ. ಸರಿಯಾಗಿ ಬಾರದ ವಾದ್ಯ ಆದ್ದರಿಂದ ಉಳಿದವರು ಸ್ವರ ಹಿಡಿದ ಮೇಲೆ ಒಂದು ಚೂರು ತಡೆದು ತಾನೂ ಹಿಡಿಯುತ್ತಿದ್ದ. ಆ ತಡವೇ ಹಾಡಿಗೆ ಒಂದು ತೂಗಾಟ ಕೊಟ್ಟಿತು. ಕೇಳಿದ ಡಿಲನ್ ಆರ್ಗನ್ ಸದ್ದು ಜಾಸ್ತಿ ಮಾಡಿ ಅಂದರು. ಆರು ನಿಮಿಷ ದಾಟುವ ಆ ಹಾಡು ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಎರಡನೇ ಸ್ಥಾನಕ್ಕೆ ಹೋಯಿತು. ರೇಡಿಯೊ ಹಾಡು ಅಂದರೆ ಮೂರು ನಿಮಿಷ ಅನ್ನೋ ಕಾಲ ಅದು.

ಈ ಆಲ್ಬಂನ ಕೊನೆಯಲ್ಲಿ 11 ನಿಮಿಷದ ಡೆಸಲೇಷನ್ ರೋ ಇದೆ. ಅದರಲ್ಲಿ ಹೆಣೆದುಕೊಂಡು ಬರುವ ಗಿಟಾರ್ ನುಡಿಸಿದ್ದು ನ್ಯಾಶ್‌ವಿಲ್‌ನಿಂದ ಬಂದಿದ್ದ ಚಾರ್ಲಿ ಮೆಕಾಯ್. ಮುಂದಿನ ಆಲ್ಬಂಗೆ ಡಿಲನ್ ನ್ಯಾಶ್‌ವಿಲ್‌ಗೇ ಹೋದರು. ಹೀಗೆ ಒಂದು ಆಲ್ಬಂ ಇನ್ನೊಂದಕ್ಕೆ ದಾರಿ ಮಾಡಿಕೊಡುತ್ತದೆ. ಆದ್ದರಿಂದ ಈ ಮೂರನ್ನು ಬಂದ ಕ್ರಮದಲ್ಲೇ ಕೇಳಿ.

ಬ್ಲಾಂಡ್ ಆನ್ ಬ್ಲಾಂಡ್ ರಾತ್ರಿಯ ಆಲ್ಬಂ. ನ್ಯಾಶ್‌ವಿಲ್‌ನ ನುರಿತ ವಾದ್ಯಗಾರರು ಡಿಲನ್ ಸಾಹಿತ್ಯ ಬರೆದು ಮುಗಿಸಲಿ ಅಂತ ಗಂಟೆಗಟ್ಟಲೆ ಕಾದರು. ಸ್ಯಾಡ್ ಐಡ್ ಲೇಡಿ ಆಫ್ ದ ಲೋಲ್ಯಾಂಡ್ಸ್ ರೆಕಾರ್ಡ್ ಆದಾಗ ಬೆಳಗಿನ ಜಾವ. ಹಾಡು ಎಷ್ಟು ಉದ್ದ ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಪ್ರತಿ ಚರಣವೂ ಕೊನೆಯದೇ ಇರಬೇಕು ಅಂದುಕೊಂಡು ನುಡಿಸುತ್ತಾ ಹೋದರು. ಹನ್ನೊಂದು ನಿಮಿಷ ದಾಟಿತು. ಎಲ್‌ಪಿಯ ಒಂದು ಇಡೀ ಬದಿಯನ್ನು ಆ ಹಾಡಿಗೇ ಕೊಟ್ಟರು. ಹೊಸಬರು ಮೊದಲು ವಿಷನ್ಸ್ ಆಫ್ ಜೊಹಾನಾ ಕೇಳಲಿ.

ಬ್ಲಡ್ ಆನ್ ದ ಟ್ರ್ಯಾಕ್ಸ್ ಬಗ್ಗೆ ಇನ್ನೂ ಸ್ವಲ್ಪ ಹೇಳಿ. ಅದು ಅವರ ದಾಂಪತ್ಯದ ಕಥೆಯಾ?

ಹಾಗಂತ ತುಂಬಾ ಜನ ನಂಬಿದ್ದಾರೆ. ಆಗ ಡಿಲನ್ ಮತ್ತು ಹೆಂಡತಿ ಸಾರಾ ದೂರವಾಗುತ್ತಿದ್ದರು, 1977ರಲ್ಲಿ ವಿಚ್ಛೇದನವೂ ಆಯಿತು. ಡಿಲನ್ ಮಾತ್ರ ಇದು ಆತ್ಮಕಥೆ ಅಂತ ಒಪ್ಪಿಲ್ಲ. 2004ರಲ್ಲಿ ಬಂದ ತಮ್ಮ ನೆನಪುಗಳ ಪುಸ್ತಕದಲ್ಲಿ, ಚೆಕಾವ್ ಕಥೆಗಳನ್ನು ಆಧರಿಸಿ ಒಂದು ಆಲ್ಬಂ ಮಾಡಿದೆ, ವಿಮರ್ಶಕರು ಅದನ್ನು ಆತ್ಮಕಥೆ ಅಂದುಕೊಂಡರು ಅನ್ನೋ ಅರ್ಥದ ಮಾತು ಬರೆದಿದ್ದಾರೆ. ಆಲ್ಬಂ ಹೆಸರು ಹೇಳಿಲ್ಲ. ಇದೇ ಇರಬೇಕು ಅಂತ ಓದುಗರ ಊಹೆ.

ನನಗೆ ಮುಖ್ಯ ಅನ್ನಿಸೋದು ಇದು ತಯಾರಾದ ರೀತಿ. 1974ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಆಲ್ಬಂ ಪೂರ್ತಿಯಾಗಿತ್ತು. ಮೆಲ್ಲನೆಯ, ಬರಿಗಿಟಾರಿನ ಹಾಡುಗಳು. ಕವರ್ ಕೂಡ ಅಚ್ಚಾಗಿತ್ತು. ಡಿಸೆಂಬರ್‌ನಲ್ಲಿ ಡಿಲನ್ ಮಿನ್ನೆಸೋಟಕ್ಕೆ ಹೋದಾಗ ಮನಸ್ಸು ಬದಲಾಯಿತು. ತಮ್ಮ ಡೇವಿಡ್ ಅಲ್ಲಿನ ಸ್ಥಳೀಯ ವಾದ್ಯಗಾರರನ್ನು ಒಟ್ಟು ಮಾಡಿದರು. ಮಿನಿಯಾಪೊಲಿಸ್‌ನ ಸೌಂಡ್ 80 ಸ್ಟುಡಿಯೊದಲ್ಲಿ ಎರಡು ದಿನ ಕೂತು ಐದು ಹಾಡುಗಳನ್ನು ಹೊಸದಾಗಿ ಹಾಡಿದರು. ಕವರ್ ಆಗಲೇ ಅಚ್ಚಾಗಿದ್ದರಿಂದ ಆ ವಾದ್ಯಗಾರರ ಹೆಸರು ಅದರಲ್ಲಿ ಬರಲಿಲ್ಲ. ಟ್ಯಾಂಗಲ್ಡ್ ಅಪ್ ಇನ್ ಬ್ಲೂನಂಥ ಹಾಡು ನುಡಿಸಿದವರಿಗೆ ವರ್ಷಗಟ್ಟಲೆ ಹೆಸರು ಸಿಗದೇ ಹೋದದ್ದು ನನಗೆ ಇವತ್ತಿಗೂ ಬೇಜಾರಿನ ವಿಷಯ.

ಹೀಗಾಗಿ ಆಲ್ಬಂನಲ್ಲಿ ಎರಡು ಊರು, ಎರಡು ಮನಸ್ಥಿತಿ ಬೆರೆತಿವೆ. ಸಿಂಪಲ್ ಟ್ವಿಸ್ಟ್ ಆಫ್ ಫೇಟ್ ನ್ಯೂಯಾರ್ಕ್‌ನದು, ತಣ್ಣಗಿನ ದುಃಖ. ಈಡಿಯಟ್ ವಿಂಡ್ ಮಿನಿಯಾಪೊಲಿಸ್‌ನದು, ಕುದಿಯುವ ಸಿಟ್ಟು. 2018ರಲ್ಲಿ ಹಳೇ ಟೇಪುಗಳೂ ಮೋರ್ ಬ್ಲಡ್, ಮೋರ್ ಟ್ರ್ಯಾಕ್ಸ್ ಅನ್ನೋ ಹೆಸರಲ್ಲಿ ಹೊರಬಂದವು. ಅದರಲ್ಲಿ ನ್ಯೂಯಾರ್ಕ್‌ನ ಈಡಿಯಟ್ ವಿಂಡ್ ಕೇಳಿ. ಅದೇ ಬೈಗುಳ, ಆದರೆ ಬೈಯುವವನೇ ಸೋತು ಕೂತಂತಿದೆ. ಟ್ಯಾಂಗಲ್ಡ್ ಅಪ್ ಇನ್ ಬ್ಲೂನಲ್ಲೂ ಹಾಗೇ. ಮೊದಲು ‘ಅವನು’ ಅಂತ ಇದ್ದ ಕಡೆ ಆಮೇಲೆ ‘ನಾನು’ ಬಂದಿದೆ. ಅಷ್ಟರಿಂದಲೇ ಹಾಡು ಎಷ್ಟು ಹತ್ತಿರ ಬಂತು ನೋಡಿ.

ಡಿಸೈರ್?

ಕೇಳಿ, ಖಂಡಿತ ಕೇಳಿ. 1976ರದ್ದು. ಸ್ಕಾರ್ಲೆಟ್ ರಿವೆರಾ ಅವರ ಪಿಟೀಲು ಇಡೀ ಆಲ್ಬಂ ಮೇಲೆ ಹರಡಿಕೊಂಡಿದೆ. ಪಿಟೀಲಿಗೆ ಒಗ್ಗಿದ ನಮ್ಮ ಕಿವಿಗೆ ಇದು ಬೇಗ ಹತ್ತಿರವಾಗುತ್ತದೆ. ಹೆಚ್ಚಿನ ಹಾಡುಗಳನ್ನು ಜಾಕ್ ಲೆವಿ ಜೊತೆ ಸೇರಿ ಬರೆದರು. ಹರಿಕೇನ್ ಹಾಡು ಕೊಲೆ ಆರೋಪದಲ್ಲಿ ಜೈಲು ಸೇರಿದ್ದ ಬಾಕ್ಸರ್ ರೂಬಿನ್ ಕಾರ್ಟರ್ ಕುರಿತದ್ದು. 1985ರಲ್ಲಿ ನ್ಯಾಯಾಲಯ ಆ ಶಿಕ್ಷೆಯನ್ನು ರದ್ದು ಮಾಡಿತು.

ಡಿಲನ್‌ಗೆ ಭಾರತದ ನಂಟು ಏನಾದರೂ ಇದೆಯಾ?

ಇದೆ. ಒಂದು ಆಲ್ಬಂ ಕವರ್ ಮೇಲೇ ಇದೆ. 1967ರ ಡಿಸೆಂಬರ್‌ನಲ್ಲಿ ಬಂದ ಜಾನ್ ವೆಸ್ಲಿ ಹಾರ್ಡಿಂಗ್ ಕವರಿನ ಕಪ್ಪುಬಿಳುಪು ಫೋಟೊ ನೋಡಿ. ಡಿಲನ್ ಅಕ್ಕಪಕ್ಕ ನಿಂತಿರುವವರು ಬಂಗಾಳದ ಬಾವುಲ್ ಹಾಡುಗಾರರಾದ ಪೂರ್ಣದಾಸ್ ಮತ್ತು ಲಕ್ಷ್ಮಣ ದಾಸ್. ಡಿಲನ್ ಮ್ಯಾನೇಜರ್ ಆಲ್ಬರ್ಟ್ ಗ್ರಾಸ್‌ಮನ್ ಅವರನ್ನು ಅಮೆರಿಕಕ್ಕೆ ಕರೆಸಿಕೊಂಡಿದ್ದರು. ಹಿಂದೆ ನಿಂತಿರುವುದು ಫೋಟೊ ತೆಗೆದ ಊರಿನ ಬಡಗಿ.

ಆಲ್ಬಂನಲ್ಲಿ ಬಾವುಲ್ ಸಂಗೀತ ಇಲ್ಲ. ಆದರೆ ಅಂಥದ್ದೇ ಒಂದು ಸರಳತೆ ಇದೆ. 1966ರ ಜುಲೈನಲ್ಲಿ ವುಡ್‌ಸ್ಟಾಕ್ ಹತ್ತಿರ ಬೈಕಿನಿಂದ ಬಿದ್ದ ಮೇಲೆ ಡಿಲನ್ ಓಡಾಟ ನಿಲ್ಲಿಸಿದ್ದರು. 1967ರಲ್ಲಿ ಬೇರೆಯವರೆಲ್ಲ ಸ್ಟುಡಿಯೊದ ಎಲ್ಲಾ ಚಮತ್ಕಾರ ಬಳಸಿ ದೊಡ್ಡ ದೊಡ್ಡ ಸದ್ದು ಕಟ್ಟುತ್ತಿದ್ದರು. ಇವರು ನ್ಯಾಶ್‌ವಿಲ್‌ಗೆ ಹೋಗಿ ಬರೀ ಬೇಸ್ ಮತ್ತು ಡ್ರಮ್ಸ್ ಜೊತೆ ಕೂತು ಹಾಡಿ ಬಂದರು. ಬೇಸ್ ಹಿಡಿದದ್ದು ಡೆಸಲೇಷನ್ ರೋಗೆ ಗಿಟಾರ್ ನುಡಿಸಿದ್ದ ಅದೇ ಚಾರ್ಲಿ ಮೆಕಾಯ್. ಕೊನೆಯ ಎರಡು ಹಾಡಿಗೆ ಮಾತ್ರ ಸ್ಟೀಲ್ ಗಿಟಾರ್ ಬರುತ್ತದೆ. ಹೆಚ್ಚಿನ ಹಾಡುಗಳಿಗೆ ಪಲ್ಲವಿಯೇ ಇಲ್ಲ, ಬರೀ ಮೂರು ಚರಣ. ಆಲ್ ಅಲಾಂಗ್ ದ ವಾಚ್‌ಟವರ್ ಇರೋದು ಇದರಲ್ಲೇ. ಮರುವರ್ಷ ಜಿಮಿ ಹೆಂಡ್ರಿಕ್ಸ್ ಅದನ್ನು ಬಿರುಗಾಳಿ ಮಾಡಿದರು. ಡಿಲನ್ ಹಾಡಿದ್ದರಲ್ಲಿ ಬಿರುಗಾಳಿಗೆ ಮುಂಚಿನ ನಿಶ್ಚಲತೆ ಇದೆ.

ಇನ್ನೊಂದು ನಂಟು 1971ರ ಆಗಸ್ಟ್ 1ರದ್ದು. ಬಾಂಗ್ಲಾದೇಶದ ನಿರಾಶ್ರಿತರಿಗಾಗಿ ಪಂಡಿತ್ ರವಿಶಂಕರ್ ಮತ್ತು ಜಾರ್ಜ್ ಹ್ಯಾರಿಸನ್ ನ್ಯೂಯಾರ್ಕ್‌ನಲ್ಲಿ ನಡೆಸಿದ ಕಛೇರಿಯಲ್ಲಿ ಡಿಲನ್ ಹಾಡಿದರು. ರವಿಶಂಕರ್ ಅವರ ಸಿತಾರ್, ಅಲಿ ಅಕ್ಬರ್ ಖಾನ್ ಅವರ ಸರೋದ್ ಕೂಡ ಇರುವ ಆ ಲೈವ್ ಆಲ್ಬಂ ಈಗಲೂ ಸಿಗುತ್ತದೆ.

ಕ್ರೈಸ್ತ ಭಕ್ತಿಯ ಆಲ್ಬಂಗಳನ್ನು ಬಿಟ್ಟುಬಿಡಬಹುದಾ?

ಬಿಡಬೇಡಿ. ಸ್ಲೋ ಟ್ರೇನ್ ಕಮಿಂಗ್ 1979ರಲ್ಲಿ ಬಂದಾಗ ಅಭಿಮಾನಿಗಳೇ ಸಿಟ್ಟಾದರು. ಉಪದೇಶ ಜಾಸ್ತಿ ಅನ್ನೋದು ನಿಜ. ಆದರೆ ಮಾರ್ಕ್ ನಾಫ್ಲರ್ ಅವರ ಗಿಟಾರ್, ಹಿಂದೆ ಹಾಡುವ ಹೆಂಗಸರ ದನಿ, ಎಲ್ಲಾ ಸೊಗಸಾಗಿವೆ. ನಂಬಿಕೆ ಯಾವುದೇ ಇರಲಿ, ಮೊರೆಯಿಡುವ ದನಿ ನಮಗೆ ಹೊಸದಲ್ಲ. 1981ರ ಶಾಟ್ ಆಫ್ ಲವ್‌ನ ಕೊನೆಯ ಹಾಡು ಎವ್ರಿ ಗ್ರೇನ್ ಆಫ್ ಸ್ಯಾಂಡ್ ಕೇಳಿ. ಅದರಲ್ಲಿ ಉಪದೇಶ ಇಲ್ಲ, ಮಂಡಿಯೂರಿದ ಮನುಷ್ಯ ಇದ್ದಾನೆ.

ಎಂಬತ್ತರ ದಶಕ?

ಇನ್ಫಿಡೆಲ್ಸ್ (1983) ಮತ್ತು ಓ ಮರ್ಸಿ (1989). ಇವೆರಡು ಸಾಕು. ನಡುವಿನ ನಾಕ್ಡ್ ಔಟ್ ಲೋಡೆಡ್‌ನಿಂದ ಬ್ರೌನ್ಸ್‌ವಿಲ್ ಗರ್ಲ್ ಒಂದನ್ನು ಆರಿಸಿಕೊಳ್ಳಿ. ನಾಟಕಕಾರ ಸ್ಯಾಮ್ ಶೆಪರ್ಡ್ ಜೊತೆ ಬರೆದ 11 ನಿಮಿಷದ ಹಾಡು. ಡೌನ್ ಇನ್ ದ ಗ್ರೂವ್‌ಗೆ ಕೊನೆಯ ಸರದಿ ಕೊಡಿ.

ವಯಸ್ಸಾದ ಮೇಲಿನ ಆಲ್ಬಂಗಳು ಕೇಳುವ ಹಾಗಿವೆಯಾ?

ಡಿಲನ್ ಅವರನ್ನು ಅರವತ್ತರ ದಶಕಕ್ಕೇ ನಿಲ್ಲಿಸಿಬಿಟ್ಟವರು ಅರ್ಧ ಡಿಲನ್‌ನನ್ನು ಕಳೆದುಕೊಂಡಿದ್ದಾರೆ. ಇದನ್ನು ಎಷ್ಟು ಒತ್ತಿ ಹೇಳಿದರೂ ಸಾಲದು.

1997ರ ಟೈಮ್ ಔಟ್ ಆಫ್ ಮೈಂಡ್ ವರ್ಷದ ಆಲ್ಬಂ ಗ್ರ್ಯಾಮಿ ಪಡೆಯಿತು. ನಿರ್ಮಾಪಕ ಡೇನಿಯಲ್ ಲಾನ್ವಾ. ಮಂಜು ಕವಿದಂಥ ಸದ್ದು, ಅದರ ನಡುವೆ ದಣಿದ ದನಿ. ನಾಟ್ ಡಾರ್ಕ್ ಯೆಟ್ ಕೇಳಿದವರು ಸಾವಿನ ಬಗ್ಗೆ ಯೋಚಿಸದೇ ಇರಲಾರರು. ಅದೇ ವರ್ಷ ಡಿಲನ್ ಎದೆನೋವಿನಿಂದ ಆಸ್ಪತ್ರೆ ಸೇರಿದ್ದರಿಂದ ಕಾಯಿಲೆಯ ಮೇಲೆ ಬರೆದ ಹಾಡುಗಳು ಅಂತ ಮಾತು ಹಬ್ಬಿತು. ಹಾಡುಗಳು ಅದಕ್ಕೆ ಮೊದಲೇ ರೆಕಾರ್ಡ್ ಆಗಿದ್ದವು. ಸದ್ದು ಮಬ್ಬು ಅನ್ನಿಸಿದರೆ 2023ರಲ್ಲಿ ಬಂದ ಹೊಸ ಮಿಕ್ಸ್ ಇದೆ. ದನಿ ಮುಂದೆ ಬಂದಿದೆ. ನನಗೆ ಹಳೆಯದೇ ಇಷ್ಟ. ಆ ಮಂಜು ಬೇಕು.

ಲವ್ ಆಂಡ್ ಥೆಫ್ಟ್ 2001ರ ಸೆಪ್ಟೆಂಬರ್ 11ರಂದೇ ಬಿಡುಗಡೆಯಾಯಿತು. ಲವಲವಿಕೆಯ ಆಲ್ಬಂ. ಮಿಸಿಸಿಪ್ಪಿ ಹಾಡಿಗಾಗಿಯಾದರೂ ಕೇಳಬೇಕು. 2020ರ ರಫ್ ಆಂಡ್ ರೌಡಿ ವೇಸ್ ಬಂದಾಗ ಅವರಿಗೆ 79. ಕೆನಡಿ ಹತ್ಯೆಯ ಸುತ್ತ ಹೆಣೆದ ಮರ್ಡರ್ ಮೋಸ್ಟ್ ಫೌಲ್ ಸುಮಾರು 17 ನಿಮಿಷ ಇದೆ. ಅದರಲ್ಲಿ ಹಾಡುಗಳ ಹೆಸರುಗಳೇ ಪ್ರಾರ್ಥನೆಯಾಗುತ್ತವೆ. ಆದರೆ ನಾನು ಮತ್ತೆ ಮತ್ತೆ ಹೋಗೋದು ಕೀ ವೆಸ್ಟ್ ಹಾಡಿಗೆ.

ಬೂಟ್‌ಲೆಗ್ ಸೀರೀಸ್ ಅಂದರೆ ಏನು?

ಆಲ್ಬಂಗೆ ಸೇರದೆ ಉಳಿದ ಹಾಡುಗಳು, ಬೇರೆ ಟೇಕ್‌ಗಳು, ಕಛೇರಿ ಟೇಪುಗಳನ್ನು 1991ರಿಂದ ಅಧಿಕೃತವಾಗಿ ಹೊರತರುತ್ತಿರುವ ಸರಣಿ. ಬ್ಲೈಂಡ್ ವಿಲ್ಲಿ ಮೆಕ್‌ಟೆಲ್‌ನಂಥ ಹಾಡನ್ನು ಡಿಲನ್ ಇನ್ಫಿಡೆಲ್ಸ್‌ನಿಂದ ಹೊರಗಿಟ್ಟಿದ್ದರು. ಎಂಟು ವರ್ಷ ಆದ ಮೇಲೆ ಈ ಸರಣಿಯ ಮೊದಲ ಕಂತಿನಲ್ಲಿ ಬಂತು. ಅವರ ಅತ್ಯುತ್ತಮ ಹಾಡುಗಳಲ್ಲಿ ಅದೂ ಒಂದು. ಆದರೆ ಸ್ಟುಡಿಯೊ ಆಲ್ಬಂ ಹತ್ತಾದರೂ ಕೇಳಿದ ಮೇಲೆ ಇದಕ್ಕೆ ಕೈ ಹಾಕಿ. ಮೊದಲೇ ಹೋದರೆ ದಾರಿ ತಪ್ಪುತ್ತದೆ.

ಲೈವ್ ಬೇಕಾದರೆ ಇದೇ ಸರಣಿಯ ನಾಲ್ಕನೆಯದು. ಕವರ್ ಮೇಲೆ ರಾಯಲ್ ಆಲ್ಬರ್ಟ್ ಹಾಲ್ ಅಂತಿದ್ದರೂ ಅದು 1966ರ ಮೇ 17ರಂದು ಮ್ಯಾಂಚೆಸ್ಟರ್‌ನಲ್ಲಿ ಆದದ್ದು. ಮೊದಲರ್ಧ ಒಬ್ಬರೇ. ಎರಡನೇ ಅರ್ಧದಲ್ಲಿ ಎಲೆಕ್ಟ್ರಿಕ್ ಬ್ಯಾಂಡ್. ಕೊನೇ ಹಾಡಿಗೆ ಮೊದಲು ಜನರ ನಡುವಿನಿಂದ ಒಬ್ಬ ಜೂಡಾಸ್ ಅಂತ ಕೂಗುತ್ತಾನೆ. ಯೇಸುವಿಗೆ ದ್ರೋಹ ಮಾಡಿದವನ ಹೆಸರು. ಜನಪದ ಬಿಟ್ಟು ರಾಕ್ ಕಡೆ ಹೋದ ಸಿಟ್ಟು ಅದು. ಆಮೇಲೆ ಬ್ಯಾಂಡ್ ಲೈಕ್ ಎ ರೋಲಿಂಗ್ ಸ್ಟೋನ್ ಶುರು ಮಾಡುವ ರಭಸ ಕೇಳಿಯೇ ತಿಳಿಯಬೇಕು.

ಮೋನೋ ಕೇಳಬೇಕಾ, ಸ್ಟೀರಿಯೊನಾ?

ಸಿಕ್ಕಿದ್ದು ಕೇಳಿ. ಮೋನೋದಲ್ಲಿ ಎಲ್ಲಾ ಸದ್ದೂ ಒಂದೇ ಕಡೆಯಿಂದ ಬರುತ್ತದೆ, ಸ್ಟೀರಿಯೊದಲ್ಲಿ ಎಡ-ಬಲಕ್ಕೆ ಹಂಚಿಕೊಂಡಿರುತ್ತದೆ. ಅರವತ್ತರ ದಶಕದವು ಮೋನೋದಲ್ಲಿ ಸಿಕ್ಕರೆ ಒಳ್ಳೆಯದು. ಆಗ ಹೆಚ್ಚು ಗಮನ ಕೊಟ್ಟು ಮಾಡುತ್ತಿದ್ದದ್ದು ಮೋನೋ ಮಿಕ್ಸ್.

ಇಷ್ಟದ ಐದು ಆಲ್ಬಂ ಆರಿಸೋದು ಹೇಗೆ?

ಕಾಲಕ್ಕೊಂದರಂತೆ ತಗೊಳ್ಳಿ. ಫ್ರೀವೀಲಿನ್, ಹೈವೇ 61, ಬ್ಲಡ್ ಆನ್ ದ ಟ್ರ್ಯಾಕ್ಸ್, ಓ ಮರ್ಸಿ, ಟೈಮ್ ಔಟ್ ಆಫ್ ಮೈಂಡ್. ಒಂದೊಂದಕ್ಕೆ ಒಂದು ವಾರ ಕೊಡಿ. ಮೊದಲಿಂದ ಕೊನೆಯವರೆಗೆ, ಹಾಡು ಹಾರಿಸದೆ. ಯಾವುದು ಮತ್ತೆ ಕರೆಯುತ್ತದೋ ಅದರ ಹಿಂದಿನ ಮತ್ತು ಮುಂದಿನ ಆಲ್ಬಂ ಕೇಳಿ. ಪತ್ರಿಕೆಗಳ ನೂರು ಶ್ರೇಷ್ಠ ಆಲ್ಬಂ ಪಟ್ಟಿಗಳನ್ನು ಆಮೇಲೆ ನೋಡಿ. ಶ್ರೇಷ್ಠ ಯಾವುದು ಅಂತ ಅವು ಹೇಳಬಹುದು. ನಿಮ್ಮ ಜೊತೆ ಉಳಿಯೋದು ಯಾವುದು ಅಂತ ಹೇಳಲಾರವು.

ಪಟ್ಟಿ ಬದಲಾದರೆ ಚಿಂತೆ ಬೇಡ. ಇಪ್ಪತ್ತರಲ್ಲಿ ಹೈವೇ 61ರ ಸಿಟ್ಟು ಹಿಡಿಸುತ್ತದೆ. ಟೈಮ್ ಔಟ್ ಆಫ್ ಮೈಂಡ್ ಹಿಡಿಸಲು ಸ್ವಲ್ಪ ವಯಸ್ಸಾಗಬೇಕು.

ನಿಮ್ಮ ಆಯ್ಕೆ ಯಾವುದು?

ಜಾನ್ ವೆಸ್ಲಿ ಹಾರ್ಡಿಂಗ್ ಮೊದಲು. ಹೊಸಬರಿಗೆ ಅದನ್ನೇ ಮೊದಲು ಹಾಕಿ ಅನ್ನಲಾರೆ, ಅದು ಬೇಗ ಒಲಿಯುವ ಆಲ್ಬಂ ಅಲ್ಲ. ನನಗೆ ಅದರಲ್ಲಿ ಒಂದು ಪದವೂ ಹೆಚ್ಚಿಲ್ಲ ಅನ್ನಿಸುತ್ತದೆ. ಐ ಡ್ರೀಮ್ಡ್ ಐ ಸಾ ಸೇಂಟ್ ಆಗಸ್ಟೀನ್ ಹಾಡು ಈಗಲೂ ಗಂಟಲು ಕಟ್ಟಿಸುತ್ತದೆ. ಅದರ ನಂತರ ಬ್ಲಡ್ ಆನ್ ದ ಟ್ರ್ಯಾಕ್ಸ್, ಟೈಮ್ ಔಟ್ ಆಫ್ ಮೈಂಡ್, ಬ್ರಿಂಗಿಂಗ್ ಇಟ್ ಆಲ್ ಬ್ಯಾಕ್ ಹೋಮ್. ಐದನೇ ಜಾಗಕ್ಕೆ ಸದ್ಯ ರಫ್ ಆಂಡ್ ರೌಡಿ ವೇಸ್ ಮತ್ತು ಬ್ಲಾಂಡ್ ಆನ್ ಬ್ಲಾಂಡ್ ನಡುವೆ ಪೈಪೋಟಿ ನಡೆದಿದೆ.